ಅಮ್ಮೆ ಎಂದರೆ ಅಪ್ಪ: ‘ಮಾ’ ಎಂಬ ಪುಟ್ಟ ಪದದ ಲೋಕಸಂಚಾರ

ಉಡುಪಿ ಕಡೆಯ ಗೆಳೆಯನೊಬ್ಬನ ಮನೆಗೆ ಮೊದಲ ಸಲ ಹೋಗಿದ್ದೆ. ಅವನ ಅಕ್ಕ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ನನ್ನನ್ನು ಕಂಡವರೇ ಮನೆಯತ್ತ ಕೈ ತೋರಿಸಿ ‘ಅಮ್ಮೆರ್ ಉಲಾಯಿ ಉಲ್ಲೆರ್’ ಎಂದರು. ಅಮ್ಮ ಒಳಗಿದ್ದಾರೆ ಎಂದುಕೊಂಡು ಹೊಸ್ತಿಲು ದಾಟಿದೆ. ಆರಾಮಕುರ್ಚಿಯಿಂದ ಎದ್ದು ‘ಬನ್ನಿ, ಕೂತ್ಕೊಳ್ಳಿ’ ಎಂದವರು ಗೆಳೆಯನ ತಂದೆ. ತುಳುವಿನಲ್ಲಿ ಅಮ್ಮೆ ಎಂದರೆ ಅಪ್ಪ, ಅಪ್ಪೆ ಎಂದರೆ ಅಮ್ಮ. ಮೈಸೂರು ಸೀಮೆಯವನಾದ ನನಗೆ ಅದು ಗೊತ್ತಾದದ್ದು ಆ ದಿನ.

ಇದು ತುಳುನಾಡಿನ ವಿಶೇಷ ಮಾತ್ರವೇನಲ್ಲ. ಕಪ್ಪು ಸಮುದ್ರದ ದಡದಲ್ಲಿರುವ ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ. ಆಸ್ಟ್ರೇಲಿಯಾದ ಒಳನಾಡಿನ ಮೂಲನಿವಾಸಿಗಳ ಪಿಟ್ಜಂಟ್ಜಾಟ್ಜರಾ ಭಾಷೆಯಲ್ಲೂ ‘ಮಾಮಾ’ ತಂದೆಯೇ. ಸ್ವಾಹಿಲಿಯಲ್ಲಿ, ಚೀನೀ ಭಾಷೆಯಲ್ಲಿ ಅದು ತಾಯಿ. ನಮಗೋ ಮಾಮ ಎಂದರೆ ತಾಯಿಯ ಒಡಹುಟ್ಟಿದವನು. ತುಟಿ ಕೂಡಿಸಿ ಬಿಟ್ಟರೆ ಹುಟ್ಟುವ ಇಷ್ಟು ಸಣ್ಣ ಸದ್ದು ಒಂದೊಂದು ನಾಡಿನಲ್ಲಿ ಒಂದೊಂದು ಅರ್ಥ ಹೊತ್ತದ್ದು ಹೇಗೆ?

ಊರೂರಿಗೆ ಬೇರೆ ಅರ್ಥ

ನೆಂಟಸ್ತಿಕೆಯ ಮಾತು ಬಿಟ್ಟು ಬರೀ ‘ಮಾ’ ಎಂಬ ಒಂದಕ್ಷರವನ್ನೇ ಹಿಡಿದು ಹೊರಡೋಣ. ಹಿಂದಿ, ಬಂಗಾಳಿಗಳಲ್ಲಿ ಅದು ತಾಯಿ. ತೆಲುಗಿನಲ್ಲಿ ‘ಮಾ’ ಎಂದರೆ ‘ನಮ್ಮ’. ತಮಿಳಿನಲ್ಲಿ ಮಾವು, ಹಿಟ್ಟು, ಪ್ರಾಣಿ ಎಂಬ ಅರ್ಥಗಳೆಲ್ಲ ಇವೆ. ಇಟಲಿಯಲ್ಲಿ ‘ಆದರೆ’, ಫ್ರಾನ್ಸಿನಲ್ಲಿ ‘ನನ್ನ’, ಹಂಗೇರಿಯಲ್ಲಿ ‘ಇವತ್ತು’. ಎಸ್ಟೋನಿಯಾದವರಿಗೆ ‘ನಾನು’, ಪಕ್ಕದ ಫಿನ್‌ಲೆಂಡಿನಲ್ಲಿ ತುಸು ಎಳೆದು ಹೇಳಿದರೆ ‘ನೆಲ, ನಾಡು’. ಹೀಬ್ರೂ ಭಾಷೆಯಲ್ಲಿ ‘ಏನು?’ ಎಂಬ ಪ್ರಶ್ನೆ. ಜಪಾನಿನಲ್ಲಿ ಎರಡು ವಸ್ತುಗಳ ನಡುವಿನ, ಎರಡು ಗಳಿಗೆಗಳ ನಡುವಿನ ತೆರಪು.

ಸಂಸ್ಕೃತವೊಂದರಲ್ಲೇ ಹಲವು ‘ಮಾ’ಗಳಿವೆ. ಲಕ್ಷ್ಮಿಗೆ ಮಾ ಎಂಬ ಹೆಸರಿದೆ; ಮಾಧವ ಎಂಬುದನ್ನು ಪಂಡಿತರು ‘ಮಾ’ಳ ಗಂಡ ಎಂದು ಬಿಡಿಸುವುದುಂಟು. ‘ಮಾ’ ಎಂಬ ಧಾತುವಿಗೆ ಅಳೆಯುವುದು ಎಂಬ ಅರ್ಥ. ಮಾನ, ಪ್ರಮಾಣ, ಮಾಪನ ಎಲ್ಲವೂ ಅದರ ಮಕ್ಕಳು. ಛಂದಸ್ಸಿನ ಮಾತ್ರೆಯೂ ಔಷಧದಂಗಡಿಯ ಮಾತ್ರೆಯೂ ಅಲ್ಲಿಂದಲೇ ಬಂದವು. ಎರಡೂ ‘ಇಷ್ಟು’ ಎಂದು ಅಳೆದು ಕೊಡುವಂಥವು. ಮೂರನೆಯ ‘ಮಾ’ಕ್ಕೆ ‘ಬೇಡ, ಕೂಡದು’ ಎಂಬ ಅರ್ಥ. ಕ್ರೌಂಚವನ್ನು ಕೊಂದ ಬೇಡನನ್ನು ಕಂಡು ವಾಲ್ಮೀಕಿಯ ಬಾಯಿಂದ ಹೊರಟ ಶ್ಲೋಕ ಶುರುವಾಗುವುದು ಈ ‘ಮಾ’ದಿಂದ.

ಮೂಗು ಹಿಡಿದು ‘ಅಮ್ಮ’ ಎನ್ನಿ

ಇಷ್ಟೊಂದು ಭಾಷೆಗಳು ಇದೇ ಸದ್ದನ್ನು ಏಕೆ ಆರಿಸಿಕೊಂಡವು? ಒಂದು ಸಣ್ಣ ಪ್ರಯೋಗ ಮಾಡಿ. ಎರಡು ಬೆರಳಿನಿಂದ ಮೂಗನ್ನು ಬಿಗಿಯಾಗಿ ಹಿಡಿದು ‘ಅಮ್ಮ’ ಎನ್ನಿ. ಕಿವಿಗೆ ಕೇಳುವುದು ಹೆಚ್ಚುಕಡಿಮೆ ‘ಅಬ್ಬ’. ‘ಮ’ ಹೇಳುವಾಗ ತುಟಿ ಮುಚ್ಚಿರುತ್ತದೆ, ಆದರೆ ಅಂಗುಳಿನ ಹಿಂದಿನ ಮೆತ್ತಗಿನ ಭಾಗ ಕೆಳಗಿಳಿದು ಉಸಿರಿಗೆ ಮೂಗಿನ ದಾರಿ ಬಿಟ್ಟುಕೊಡುತ್ತದೆ. ಆ ದಾರಿ ಮುಚ್ಚಿದರೆ ‘ಮ’ ಹೋಗಿ ‘ಬ’ ಬರುತ್ತದೆ. ‘ಬ’ದಲ್ಲಿ ಗಂಟಲಿನ ಕಂಪನವನ್ನೂ ತೆಗೆದರೆ ‘ಪ’. ಅಮ್ಮ, ಅಬ್ಬ, ಅಪ್ಪ: ಬಾಯಿಯ ಲೆಕ್ಕದಲ್ಲಿ ಇವು ಅಕ್ಕಪಕ್ಕದ ಮನೆಗಳು. ಹಳಗನ್ನಡದಲ್ಲಿ ತಾಯಿಗೆ ಅಬ್ಬೆ ಎಂಬ ಮಾತಿತ್ತು. ಅತ್ತಿಮಬ್ಬೆಯ ಹೆಸರಿನಲ್ಲಿ ಅದು ಉಳಿದಿದೆ, ಹವ್ಯಕರ ಮನೆಗಳಲ್ಲಿ ಇಂದಿಗೂ ಬದುಕಿದೆ. ಅದೇ ಹೊತ್ತಿಗೆ ಹೀಬ್ರೂ ಭಾಷೆಯ ಮಗು ‘ಅಬ್ಬಾ’ ಎಂದು ಕರೆಯುವುದು ತಂದೆಯನ್ನು.

ಆರೇಳು ತಿಂಗಳ ಕೂಸನ್ನು ಗಮನಿಸಿ. ಅದಕ್ಕೆ ನಾಲಿಗೆಯ ತುದಿ, ಬುಡಗಳನ್ನು ಬೇಕಾದಂತೆ ಆಡಿಸಲು ಇನ್ನೂ ಬಾರದು. ಗಂಟಲಿನಿಂದ ಸ್ವರ ಹೊರಡಿಸುತ್ತ ದವಡೆಯನ್ನು ಮೇಲೆ ಕೆಳಗೆ ಆಡಿಸುವುದು ಮಾತ್ರ ಬರುತ್ತದೆ. ಬಾಯಿ ಮುಚ್ಚಿದಾಗ ತುಟಿಗಳು ಕೂಡುತ್ತವೆ, ತೆರೆದಾಗ ‘ಆ’ ಹೊರಡುತ್ತದೆ. ಹಾಗಾಗಿ ಮಾಮಾಮಾ, ಬಾಬಾಬಾ, ಪಾಪಾಪಾ. ಈ ತೊದಲಿನಲ್ಲಿ ಯಾರ ಹೆಸರೂ ಇಲ್ಲ. ಅರ್ಥ ತುಂಬುವವರು ಎದುರಿಗಿರುವ ದೊಡ್ಡವರು. ‘ನೋಡಿದಿರಾ, ನನ್ನನ್ನು ಕರೆಯಿತು!’ ಎಂದು ತಾಯಿ ಮುಖ ಅರಳಿಸಿ ಎತ್ತಿಕೊಳ್ಳುತ್ತಾಳೆ. ಹತ್ತು ಸಲ ಹೀಗಾದರೆ ಮಗುವಿಗೂ ಆ ಸದ್ದಿಗೆ ಈ ಮುಖ ಎಂಬುದು ಮನಸ್ಸಿಗೆ ಬರುತ್ತದೆ.

1950ರ ದಶಕದ ಕೊನೆಯಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ ಜಗತ್ತಿನ ನಾನಾ ಭಾಷೆಗಳಿಂದ ತಾಯಿಯನ್ನು ಸೂಚಿಸುವ 531, ತಂದೆಯನ್ನು ಸೂಚಿಸುವ 541 ಪದಗಳನ್ನು ಕಲೆಹಾಕಿದರು. ರಷ್ಯಾ ಮೂಲದ ಭಾಷಾವಿಜ್ಞಾನಿ ರೋಮನ್ ಯಾಕೊಬ್‌ಸನ್ ಆ ಪಟ್ಟಿಯನ್ನು ಇಟ್ಟುಕೊಂಡು ಕಾರಣ ಹುಡುಕಿದರು. ತಾಯಿಯ ಪದಗಳಲ್ಲಿ ಶೇ. 55ರಷ್ಟು ಮ, ನ, ಙ ಗಳಂಥ ಅನುನಾಸಿಕಗಳವು. ತಂದೆಯ ಪದಗಳಲ್ಲಿ ಅಂಥವು ಶೇ. 15 ಮಾತ್ರ. ಯಾಕೊಬ್‌ಸನ್ ಕೊಟ್ಟ ವಿವರಣೆ ಮನಮುಟ್ಟುವಂಥದ್ದು. ಎದೆಗೆ ಬಾಯಿಟ್ಟು ಹಾಲು ಕುಡಿಯುವ ಕೂಸಿಗೆ ಹೊರಡಿಸಲು ಸಾಧ್ಯವಿರುವುದು ಮೂಗಿನ ‘ಮ್‌ಮ್’ ಸದ್ದೊಂದೇ. ಹಸಿವಾದಾಗ, ಹಾಲಿನ ನೆನಪಾದಾಗ ಅದೇ ಸದ್ದು ಮರಳಿ ಬರುತ್ತದೆ. ಹಾಲು ಕೊಡುವವಳ ಹೆಸರಾಗಿ ನಿಲ್ಲುತ್ತದೆ.

ಆದರೆ ಇದು ಒಲವು, ಕಟ್ಟಳೆಯಲ್ಲ. ತುಳು, ಜಾರ್ಜಿಯನ್ ಭಾಷೆಗಳು ಅಲ್ಪಸಂಖ್ಯಾತರ ಸಾಲಿಗೆ ಸೇರಿದವು. ಕೂಸು ಕೊಡುವುದು ಸದ್ದನ್ನು, ಅರ್ಥ ಕೊಡುವುದು ಸಮಾಜ. ಸದ್ದಿಗೂ ಅರ್ಥಕ್ಕೂ ಹುಟ್ಟಿನಿಂದ ಬಂದ ಗಂಟಿಲ್ಲ, ಇರುವುದು ಜನರ ಒಪ್ಪಂದ ಎಂಬ ಮಾತು ಸ್ವಿಟ್ಜರ್‌ಲೆಂಡಿನ ಫರ್ಡಿನಾಂಡ್ ಡಿ ಸೊಸ್ಯೂರ್ ಅವರ ಪಾಠಗಳಲ್ಲಿದೆ. ಅವು ಪುಸ್ತಕವಾಗಿ ಬಂದದ್ದು 1916ರಲ್ಲಿ.

ಸವೆದು ‘ಮಾ’ ಆದವು

ಎಲ್ಲ ‘ಮಾ’ಗಳೂ ಕೂಸಿನ ಬಾಯಿಂದ ಬಂದವಲ್ಲ. ಹೊಳೆಯಲ್ಲಿ ಉರುಳಿದ ಕಲ್ಲು ನುಣುಪಾಗುವಂತೆ ದಿನವೂ ಬಳಸುವ ಪದ ಬಾಯಿಂದ ಬಾಯಿಗೆ ಸವೆಯುತ್ತದೆ. ಇಟಲಿಯ ‘ಮಾ’ ಲ್ಯಾಟಿನ್ನಿನ ‘ಮಗಿಸ್’ ಎಂಬ ಪದ ಸವೆದು ಬಂದದ್ದು. ಅದರ ಮೂಲ ಅರ್ಥ ‘ಇನ್ನೂ ಹೆಚ್ಚು’. ಫ್ರೆಂಚಿನ ‘ಮಾ’ ಲ್ಯಾಟಿನ್ನಿನ ‘ಮೇಆ’. ನಮ್ಮೂರುಗಳ ಹೊರಗೆ ನಿಂತಿರುವ ಮಾಸ್ತಿಕಲ್ಲನ್ನೇ ನೋಡಿ: ಮಹಾಸತಿ ಮಾಸತಿಯಾಗಿ, ಮಾಸ್ತಿಯಾಯಿತು. ‘ಮಹಾ’ ಸವೆದು ‘ಮಾ’.

ಬೇರೆ ಬೇರೆ ಬೆಟ್ಟದ ಬಂಡೆಗಳು ಸವೆಯುತ್ತ ಹೋದರೆ ಕೊನೆಗೆ ಎಲ್ಲವೂ ಒಂದೇ ಬಗೆಯ ಬೆಣಚುಕಲ್ಲಿನಂತೆ ಕಾಣುತ್ತವೆ. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಸುಲಭದ ಒಂದಕ್ಷರದ ಸದ್ದುಗಳು ಬಹಳ ಕಡಿಮೆ. ಒಂದೇ ಸದ್ದು ಹತ್ತು ಕಡೆ ಹತ್ತು ಅರ್ಥ ಹೊರುವುದು ಅನಿವಾರ್ಯ.

ದನಿ ತಗ್ಗಿ ಎದ್ದರೆ ಕುದುರೆ, ಬಿದ್ದರೆ ಬೈಗುಳ

ಒಂದೇ ಭಾಷೆಯಲ್ಲಿ ಒಂದೇ ಸದ್ದಿಗೆ ಹಲವು ಅರ್ಥ ಬಂದಾಗ ಕೆಲವು ಭಾಷೆಗಳು ದನಿಯ ಏರಿಳಿತವನ್ನೇ ಅಕ್ಷರದಂತೆ ಬಳಸುತ್ತವೆ. ಚೀನೀ ಮ್ಯಾಂಡರಿನ್‌ನಲ್ಲಿ ಎತ್ತರದ ದನಿಯಲ್ಲಿ ಸಮವಾಗಿ ಎಳೆದ ‘ಮಾ’ ತಾಯಿ. ಕೆಳಗಿನಿಂದ ಏರಿದರೆ ಸೆಣಬಿನ ಜಾತಿಯ ನಾರುಗಿಡ. ತಗ್ಗಿ ಮೇಲೆದ್ದರೆ ಕುದುರೆ. ಮೇಲಿನಿಂದ ಥಟ್ಟನೆ ಬಿದ್ದರೆ ಬೈಯುವುದು. ಒತ್ತಿಲ್ಲದೆ ವಾಕ್ಯದ ಕೊನೆಗೆ ಬಂದರೆ ಪ್ರಶ್ನೆ. ಹಾಗಾಗಿ ‘ಅಮ್ಮ ಕುದುರೆಯನ್ನು ಬೈಯುತ್ತಾಳಾ?’ ಎಂಬುದನ್ನು ನಮ್ಮ ಲಿಪಿಯಲ್ಲಿ ಬರೆದರೆ ‘ಮಾಮಾ ಮಾ ಮಾ ಮಾ?’ ಎಂದಷ್ಟೇ ಕಾಣುತ್ತದೆ. ವಿಯೆಟ್ನಾಮಿನ ಆರು ಏರಿಳಿತಗಳಲ್ಲಿ ‘ಮಾ’ ಎಂದರೆ ದೆವ್ವ, ತಾಯಿ, ಆದರೆ, ಗೋರಿ, ಕುದುರೆ, ಕಡೆಗೆ ನಮ್ಮ ಕರಾವಳಿಯವರು ನೇಜಿ ಎನ್ನುವ ಭತ್ತದ ಸಸಿ.

ನಾವೂ ದನಿ ಏರಿಳಿಸುತ್ತೇವೆ. ‘ಹೌದಾ’ ಎಂಬುದನ್ನು ಬೆರಗಿನಿಂದ, ಅನುಮಾನದಿಂದ, ಬೇಸರದಿಂದ ಹೇಳಬಹುದು. ಆದರೆ ಬದಲಾಗುವುದು ಭಾವ, ಪದವಲ್ಲ. ಚೀನೀಯರಿಗೆ ಪದವೇ ಬದಲಾಗುತ್ತದೆ, ನಮಗೆ ಬಲಿ ಮತ್ತು ಬಳಿ ಬೇರೆಯಾಗುವ ಹಾಗೆ.

ಈ ಏರಿಳಿತ ಹುಟ್ಟಿದ್ದೂ ಸವೆತದಿಂದಲೇ. ಫ್ರಾನ್ಸಿನ ಆಂದ್ರೆ ಓದ್ರಿಕೂರ್ 1954ರಲ್ಲಿ ತೋರಿಸಿಕೊಟ್ಟಂತೆ, ವಿಯೆಟ್ನಾಮಿ ಭಾಷೆಗೆ ಮೊದಲು ಏರಿಳಿತವಿರಲಿಲ್ಲ. ಪದದ ಕೊನೆಯ ವ್ಯಂಜನಗಳು ಉದುರಿಹೋದವು; ಹೋಗುವಾಗ ಪಕ್ಕದ ಸ್ವರದ ಮೇಲೆ ತಮ್ಮ ಗುರುತು ಬಿಟ್ಟುಹೋದವು. ನಮ್ಮ ದೇಶದ ಪಂಜಾಬಿಯಲ್ಲೂ ಇದು ನಡೆದಿದೆ. ಅಲ್ಲಿ ‘ಘೋಡಾ’ದ ಮಹಾಪ್ರಾಣ ಕಳೆದುಹೋಗಿ ತಗ್ಗಿದ ದನಿಯ ‘ಕೋಡಾ’ ಆಗಿದೆ. ಅದನ್ನೇ ಸಮದನಿಯಲ್ಲಿ ಹೇಳಿದರೆ ಚಾವಟಿ, ಎತ್ತರದ ದನಿಯಲ್ಲಿ ಹೇಳಿದರೆ ಕುಷ್ಠರೋಗಿ.

ಹೋಲಿಕೆಯೇ ನಂಟಲ್ಲ

ಇಲ್ಲಿಗೆ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬಂದೆ. ಎರಡು ಭಾಷೆಗಳ ಪದಗಳು ಒಂದೇ ಥರ ಕೇಳಿಸಿದ ಕೂಡಲೇ ‘ಇದು ಅದರಿಂದ ಬಂತು’ ಎಂದು ತೀರ್ಪು ಕೊಡುವ ಚಟ ನಮ್ಮಲ್ಲಿ ಹೆಚ್ಚುತ್ತಿದೆ. ವಾಟ್ಸಾಪಿನಲ್ಲಿ ದಿನಕ್ಕೊಂದು ‘ಮೂಲ’ ಪತ್ತೆಯಾಗುತ್ತದೆ.

1960ರ ದಶಕದಲ್ಲಿ ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಅಳಿವಿನ ಅಂಚಿನಲ್ಲಿದ್ದ ಎಂಬಬರಮ್ ಭಾಷೆಯ ಪದಗಳನ್ನು ಬರೆದುಕೊಳ್ಳುತ್ತಿದ್ದರು. ನಾಯಿಗೆ ಏನೆನ್ನುತ್ತೀರಿ ಎಂದು ಕೇಳಿದರೆ ಬಂದ ಉತ್ತರ ‘ಡಾಗ್’! ಅದು ಇಂಗ್ಲಿಷಿನಿಂದ ಪಡೆದ ಸಾಲವಲ್ಲ. ಸುತ್ತಲಿನ ಸೋದರ ಭಾಷೆಯೊಂದರಲ್ಲಿ ನಾಯಿಗೆ ‘ಗುಡಗ’ ಎನ್ನುತ್ತಾರೆ. ಎಂಬಬರಮ್ ಭಾಷೆಯಲ್ಲಿ ಪದದ ಮೊದಲ ಭಾಗವೂ ಕೊನೆಯ ಸ್ವರವೂ ಉದುರಿ, ನಡುವಿನ ಸ್ವರ ಬದಲಾಗಿ, ಅದು ಇಂಗ್ಲಿಷ್ ಪದದ ತದ್ರೂಪಾಗಿ ನಿಂತಿತು. ‘ಬದ್ಮಾಶ್’ನಲ್ಲಿರುವ ಫಾರ್ಸಿಯ ‘ಬದ್’ ಮತ್ತು ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಅರ್ಥ ಕೆಟ್ಟದ್ದು ಎಂದೇ. ಅವುಗಳಿಗೂ ನಂಟಿಲ್ಲ. ಬರೀ ಕಾಕತಾಳೀಯ.

ನಿಜವಾದ ನಂಟು ಎಷ್ಟೋ ಸಲ ಹೋಲಿಕೆಯೇ ಇಲ್ಲದ ಕಡೆ ಅಡಗಿರುತ್ತದೆ. ತಮಿಳಿನ ‘ಸೆವಿ’, ಕನ್ನಡದ ‘ಕಿವಿ’ ಒಂದೇ ಪದ. ಏಕೆಂದರೆ ಅಲ್ಲಿ ‘ಸ’, ಇಲ್ಲಿ ‘ಕ’ ಎಂಬ ಬದಲಾವಣೆ ಒಂದೇ ಕಡೆ ನಿಂತಿಲ್ಲ. ಅಲ್ಲಿಯ ‘ಸೇರಿ’ ಇಲ್ಲಿ ‘ಕೇರಿ’. ಹಾಗೆಯೇ ಹಳಗನ್ನಡದ ಪಾಲ್, ಪುಲಿ, ಪೂ ಹೊಸಗನ್ನಡದಲ್ಲಿ ಹಾಲು, ಹುಲಿ, ಹೂ. ಒತ್ತಕ್ಷರದ ಪಕಾರ ಮಾತ್ರ ಸವೆಯಲಿಲ್ಲ, ಅದಕ್ಕೇ ಅಪ್ಪ ಅಪ್ಪನಾಗಿಯೇ ಉಳಿದ. ಜಪಾನೀ ಭಾಷೆಯೂ ತನ್ನ ಪಾಡಿಗೆ ತಾನು ಪಕಾರವನ್ನು ಹಕಾರ ಮಾಡಿಕೊಂಡಿತು. ಅಲ್ಲಿ ತಾಯಿಗೆ ಈಗ ‘ಹಹ’ ಎನ್ನುತ್ತಾರೆ; ಬಹಳ ಹಿಂದೆ ಅದು ‘ಪಪ’ ಆಗಿತ್ತು. ಪಪ ಎಂದರೆ ತಾಯಿ! ತುಳುವಿನ ಅಪ್ಪೆ ಜಪಾನಿಗೆ ಹೋಗಿರಲಿಲ್ಲ, ಜಪಾನಿನ ಪಪ ತುಳುನಾಡಿಗೆ ಬಂದಿರಲಿಲ್ಲ. ಎರಡೂ ಕಡೆ ಇದ್ದದ್ದು ಮನುಷ್ಯರ ಕೂಸು, ಅದರ ತುಟಿ.

ಹಾಗೆಂದು ಎಲ್ಲ ಹೋಲಿಕೆಯೂ ಆಕಸ್ಮಿಕವಲ್ಲ. ಸಂಸ್ಕೃತದ ‘ಬೇಡ’ ಎನ್ನುವ ಮಾ, ಪ್ರಾಚೀನ ಗ್ರೀಕಿನ ‘ಮೇ’ ಒಂದೇ ಬೇರಿನವು. ಥಾಯ್ ಮತ್ತು ವಿಯೆಟ್ನಾಮಿ ಭಾಷೆಗಳ ಕುದುರೆ ಚೀನೀ ಕುದುರೆಯಿಂದ ಬಂದ ಸಾಲ. ಪ್ರಾಣಿಯ ಜೊತೆ ಹೆಸರೂ ಸಾಗಿದೆ. ಥಾಯ್‌ನಲ್ಲಿ ಇನ್ನೊಂದು ಏರಿಳಿತದ ‘ಮಾ’ ಎಂದರೆ ನಾಯಿ. ಅದು ಕುದುರೆಗೆ ಸಂಬಂಧಿಸಿದ್ದಲ್ಲ.

ಮುಂದಿನ ಸಲ ಯಾರಾದರೂ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ಒಂದು ಇನ್ನೊಂದರ ತಾಯಿ ಎಂದರೆ, ದಯವಿಟ್ಟು ಮೂರು ಪ್ರಶ್ನೆ ಕೇಳಿ. ಆ ಪದದ ಹಳೆಯ ರೂಪ ಏನಿತ್ತು? ಅದೇ ಬದಲಾವಣೆ ಬೇರೆ ಪದಗಳಲ್ಲೂ ಆಗಿದೆಯೇ? ಆ ಜನ ಈ ಜನರನ್ನು ಎಂದಾದರೂ ಎದುರುಗೊಂಡಿದ್ದರೇ? ಇದರಿಂದ ಕನ್ನಡದ ಹಿರಿಮೆಗೆ ಕುಂದೇನೂ ಬರುವುದಿಲ್ಲ. ಸುಳ್ಳು ನೆಂಟಸ್ತಿಕೆಯ ಆಸರೆ ಅದಕ್ಕೆ ಬೇಕಾಗಿಯೂ ಇಲ್ಲ. ಕಿವಿ ಮತ್ತು ಸೆವಿ, ಹಾಲು ಮತ್ತು ಪಾಲ್ ತೋರಿಸುವ ನಿಜವಾದ ನಂಟೇ ಸಾವಿರಾರು ವರ್ಷಗಳಷ್ಟು ಹಳೆಯದು.