ಮನೆಯ ವೀಡಿಯೋಗಳಲ್ಲಿ ಬೇಡದ ಸದ್ದು: ಅದರ ನಿದಾನವೂ ಚಿಕಿತ್ಸೆಯೂ

ಉಪನಯನ, ವಿವಾಹ, ತೊಟ್ಟಿಲು ಹಾಕುವ ಶಾಸ್ತ್ರ, ಹಬ್ಬದ ಭಜನೆ ಮೊದಲಾದುವನ್ನು ಮೊಬೈಲು ಫೋನಿನಲ್ಲಿ ಚಿತ್ರಿಸಿ, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಬೆಂಗಳೂರು ಮುಂಬಯಿಗಳಲ್ಲಿಯೂ ಪರದೇಶಗಳಲ್ಲಿಯೂ ಇರುವ ಬಂಧುಗಳಿಗೆ ಕಳುಹಿಸುವ ವಾಡಿಕೆಯು ಈಚೆಗೆ ಮನೆಮನೆಯಲ್ಲಿಯೂ ನೆಲೆಗೊಂಡಿರುವುದು. ಚಿತ್ರವೇನೋ ಅಂದವಾಗಿಯೇ ಮೂಡುವುದು, ಕೆಡುವುದು ಧ್ವನಿ. ‘ಗುಂಯ್’ ಎಂಬ ಮೊರೆತ, ‘ಸುಯ್’ ಎಂಬ ಉಸಿರು, ನಡುನಡುವೆ ‘ಟಕ್’ ಎಂಬ ಸದ್ದು, ಇವುಗಳ ಮಧ್ಯದಲ್ಲಿ ಆಡಿದ ಮಾತು ಮುಳುಗಿಹೋಗುವುದು. ಚಿತ್ರವು ತುಸು ಮಸುಕಾದರೆ ಕಣ್ಣು ಸಹಿಸೀತು. ಮಾತು ಮಸುಕಾದರೆ ಕಿವಿಯು ಸಹಿಸದು.

ವಾರಾಹೀ ತೀರದ ನಮ್ಮ ಹಟ್ಟಿಯಂಗಡಿಯಂಥ ಗ್ರಾಮಗಳಲ್ಲಿ ಇದು ಕೇವಲ ವಿನೋದದ ವಿಷಯವಲ್ಲ. ಕುಂದಾಪುರದ ಕನ್ನಡವು ಬರೆಹಕ್ಕಿಂತ ಹೆಚ್ಚಾಗಿ ಬಾಯಲ್ಲಿ ಬಾಳಿ ಬಂದ ನುಡಿ. ಮನೆಯ ಹಿರಿಯರು ಹೇಳುವ ಕಥೆ, ಗಾದೆ, ಶೋಭಾನೆಗಳು ಅವರ ಕಾಲಾನಂತರ ಮತ್ತೊಮ್ಮೆ ಕೇಳಸಿಗುವವಲ್ಲ. ಆದಕಾರಣ ಇರುವ ಒಂದೇ ಪ್ರತಿಯನ್ನು ಸರಿಪಡಿಸುವ ಆತುರದಲ್ಲಿ ಕೆಡಿಸದಿರುವುದೇ ಪ್ರಥಮ ಕರ್ತವ್ಯ. ಮೂಲದ ಫೈಲನ್ನು ಬೇರೆಯಾಗಿ ಕಾದಿಟ್ಟು, ಅದರ ನಕಲಿನ ಮೇಲೆಯೇ ಕೆಲಸ ಮಾಡತಕ್ಕದ್ದು. ವಾಟ್ಸಾಪಿನಲ್ಲಿ ಸಾಮಾನ್ಯ ವೀಡಿಯೋವಾಗಿ ಬಂದ ಫೈಲು ದಾರಿಯಲ್ಲಿಯೇ ಕುಗ್ಗಿ ಬಂದಿರುವುದರಿಂದ, ಚಿತ್ರಿಸಿದವರಿಂದ ಮೂಲ ಪ್ರತಿಯನ್ನೇ ‘ಡಾಕ್ಯುಮೆಂಟ್’ ರೂಪದಲ್ಲಿ ತರಿಸಿಕೊಳ್ಳುವುದು ಮೇಲು.

ವೈದ್ಯನು ನಾಡಿಯನ್ನು ನೋಡದೆ ಕಷಾಯವನ್ನು ಕೊಡುವುದಿಲ್ಲ. ಅಂತೆಯೇ ಸದ್ದು ಎಲ್ಲಿ ಹೊಕ್ಕಿತೆಂಬುದನ್ನು ಮೊದಲು ಅರಿಯಬೇಕು. ಉಪಾಯವು ಸುಲಭವಾಗಿದೆ. ಸಂಕಲನದ ತಂತ್ರಾಂಶವನ್ನು ಮುಚ್ಚಿ, ಮೂಲ ಫೈಲನ್ನು ಬೇರೊಂದು ಸಾಮಾನ್ಯ ಪ್ಲೇಯರಿನಲ್ಲಿ, ತಂತಿಯುಳ್ಳ ಇಯರ್‌ಫೋನಿನಿಂದ ಕೇಳಿರಿ. ಅಲ್ಲಿಯೂ ಸದ್ದಿದ್ದರೆ ದೋಷವು ಚಿತ್ರಿಸುವಾಗಲೇ ಸೇರಿದ್ದು. ಅಲ್ಲಿ ಶುದ್ಧವಾಗಿದ್ದು ತಂತ್ರಾಂಶದಲ್ಲಿ ಮಾತ್ರ ಕೇಳಿಬಂದರೆ ದೋಷವು ಸಂಕಲನದ್ದು.

ಸಂಕಲನದ ದೋಷಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಕಂಪ್ಯೂಟರಿನ ಶಕ್ತಿ ಸಾಲದೆ ಕೇಳಿಬರುವ ಚಟಪಟ ಸದ್ದು. ಇದು ಕೆಲಸ ಮಾಡುತ್ತಿರುವಾಗ ಮಾತ್ರ ಕೇಳುವುದುಂಟು; ಆದುದರಿಂದ ಒಂದು ನಿಮಿಷದ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಕೇಳಿ, ಅದರಲ್ಲಿ ಸದ್ದಿಲ್ಲವಾದರೆ ನಿಶ್ಚಿಂತರಾಗಿರಬಹುದು. ಎರಡನೆಯದು, ಕತ್ತರಿಸಿದ ಎಡೆಯಲ್ಲಿ ಹುಟ್ಟುವ ‘ಟಕ್’ ಸದ್ದು. ಧ್ವನಿಯ ಅಲೆಯನ್ನು ನಡುವೆಯೇ ತುಂಡರಿಸಿದುದು ಇದರ ಕಾರಣ. ತುಂಡಿನ ಎರಡು ಕೊನೆಗಳಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡುಗಳ ‘ಫೇಡ್’ ಕೊಟ್ಟರೆ ಅದು ಮಾಯವಾಗುವುದು. ಮೂರನೆಯದು, ಒಂದೇ ಧ್ವನಿಯ ಎರಡು ಪ್ರತಿಗಳು ಒಂದರ ಕೆಳಗೊಂದು ಉಳಿದು, ಮಾತು ಕೊಳವೆಯೊಳಗಿಂದ ಬಂದಂತೆ ಕೇಳುವುದು, ಒಂದನ್ನು ಅಳಿಸಿದರಾಯಿತು. ನಾಲ್ಕನೆಯದು, ಮಾತು ಮೆಲ್ಲಗಿದೆಯೆಂದು ಪ್ರಮಾಣವನ್ನು ಅತಿಯಾಗಿ ಏರಿಸುವುದು. ಮೀಟರಿನಲ್ಲಿ 0 ಡೆಸಿಬೆಲ್ ಎಂಬುದು ಹೊಸ್ತಿಲು. ಅದನ್ನು ದಾಟಿದ ಧ್ವನಿಯು ತಲೆ ಕತ್ತರಿಸಿದಂತಾಗಿ ಕರಕರನೆ ಒಡೆಯುವುದು. ಗಟ್ಟಿಯಾದ ಮಾತು ಕೂಡ ಅದಕ್ಕಿಂತ ಆರು ಡೆಸಿಬೆಲ್ಲಾದರೂ ಕೆಳಗೆ ನಿಲ್ಲುವಂತೆ ನೋಡಿಕೊಳ್ಳಬೇಕು.

ಇನ್ನು ಮೂಲದಲ್ಲಿಯೇ ಸೇರಿದ ಸದ್ದುಗಳ ವಿಚಾರ. ಒಂದೇ ಶ್ರುತಿಯಲ್ಲಿ ಮೊರೆಯುವ ‘ಗುಂಯ್’ ಸದ್ದು ಸಾಧಾರಣವಾಗಿ ವಿದ್ಯುತ್ತಿನದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಈ ಸದ್ದು 50, 100, 150 ಹರ್ಟ್ಸ್‌ಗಳಲ್ಲಿ ನೆಲೆಸುವುದು. ಅಮೇರಿಕದಲ್ಲಿರುವ ಮಕ್ಕಳು ಕಳುಹಿಸಿದ ವೀಡಿಯೋವಾದರೆ ಅಲ್ಲಿಯ ವಿದ್ಯುತ್ತು 60 ಆವರ್ತಗಳದ್ದು; 60, 120ರಲ್ಲಿ ಹುಡುಕಬೇಕು. ಆಯಾ ಸ್ಥಾನವನ್ನು ಮಾತ್ರ ಕಿತ್ತುಹಾಕುವ ‘ನಾಚ್ ಫಿಲ್ಟರ್’ ಎಂಬ ಸಾಧನವೇ ಇದಕ್ಕೆ ಮದ್ದು. ಲ್ಯಾಪ್‌ಟಾಪಿಗೆ ಮೈಕನ್ನು ಜೋಡಿಸಿ ಧ್ವನಿ ಹಿಡಿಯುವವರು ಚಾರ್ಜರನ್ನು ಕಳಚಿ ನೋಡಬೇಕು. ಸದ್ದು ನಿಂತರೆ ಅದು ಬಂದ ದಾರಿ ತಿಳಿದಂತಾಯಿತು. ಗಾಳಿಯು ಮೈಕಿಗೆ ಬಡಿದ ‘ಬುಸ್’ ಸದ್ದಿನ ಹೆಚ್ಚಿನ ಪಾಲು ಕೆಳಗಿನ ಶ್ರುತಿಯಲ್ಲಿರುವುದರಿಂದ 80 ಹರ್ಟ್ಸಿನ ‘ಹೈ-ಪಾಸ್ ಫಿಲ್ಟರ್’ ಅದನ್ನು ಬಹುಮಟ್ಟಿಗೆ ತಗ್ಗಿಸುವುದು. ಆದರೆ ಚಂಡೆಯ ಪೆಟ್ಟಿಗೆ ಮೈಕು ತಾಳದೆ ಒಡೆದುಹೋದ ಧ್ವನಿಯು ಒಡೆದ ಗಡಿಗೆಯಂತೆ. ಅಂಟಿಸಬಹುದೇ ಹೊರತು ಮೊದಲಿನಂತಾಗದು.

ಫ್ಯಾನಿನ ಸದ್ದು, ಮೈಕಿನ ‘ಸುಯ್’ ಸದ್ದುಗಳಂತೆ ಒಂದೇ ಸಮನೆ ಇರುವವುಗಳಿಗೆ ‘ನಾಯ್ಸ್ ರಿಡಕ್ಷನ್’ ಎಂಬ ಚಿಕಿತ್ಸೆಯುಂಟು. 2000ದಿಂದ ಸಾರ್ವಜನಿಕರಿಗೆ ದೊರಕುತ್ತಿರುವ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಇದು ಅಡಕವಾಗಿದೆ. ವೀಡಿಯೋದಿಂದ ಧ್ವನಿಯನ್ನು ಬೇರ್ಪಡಿಸಿ ಅದರಲ್ಲಿ ತೆರೆದು, ಯಾರೂ ಮಾತಾಡದ ಒಂದೆರಡು ಸೆಕೆಂಡುಗಳನ್ನು ಆರಿಸಿ ‘ಗೆಟ್ ನಾಯ್ಸ್ ಪ್ರೊಫೈಲ್’ ಎಂಬುದನ್ನು ಒತ್ತಬೇಕು. ಯಾವ ಯಾವ ಶ್ರುತಿಯಲ್ಲಿ ಎಷ್ಟೆಷ್ಟು ಗದ್ದಲವಿದೆಯೆಂದು ಅದು ಅಳೆದುಕೊಳ್ಳುವುದು. ಬಳಿಕ ಧ್ವನಿಯನ್ನೆಲ್ಲ ಆರಿಸಿ ಪ್ರಯೋಗಿಸಿದರೆ, ಆ ಅಳತೆಯನ್ನು ಮೀರದ ಸದ್ದನ್ನೆಲ್ಲ ತಗ್ಗಿಸುವುದು. ನಾಯಿಯ ಬೊಗಳು, ಬಸ್ಸಿನ ಹಾರನ್ನು ಮೊದಲಾದ ಕ್ಷಣಿಕ ಸದ್ದುಗಳಿಗೆ ಈ ಮದ್ದು ನಾಟದು.

ಇಲ್ಲಿಯೇ ಒಂದು ಅಪಾಯವನ್ನು ಗೃಹಸ್ಥರು ಅರಿತಿರಬೇಕು. ಶ, ಷ, ಸ, ಹ ಎಂಬಿವನ್ನು ನಮ್ಮ ಪ್ರಾಚೀನ ಶಿಕ್ಷಾಶಾಸ್ತ್ರಜ್ಞರು ಊಷ್ಮಗಳೆಂದು ಕರೆದರು. ಇವು ಉಸಿರಿನ ತಿಕ್ಕಾಟದಿಂದ ಹುಟ್ಟಿದ ವರ್ಣಗಳು. ಮೈಕಿನ ‘ಸುಯ್’ ಸದ್ದಿಗೂ ‘ಸ’ಕಾರಕ್ಕೂ ಯಂತ್ರದ ಕಿವಿಗೆ ಅಂತರವು ಅತ್ಯಲ್ಪ. ಆದುದರಿಂದ ಚಿಕಿತ್ಸೆಯು ಅತಿಯಾದರೆ ಗದ್ದಲದೊಡನೆ ಊಷ್ಮಗಳೂ ತೊಳೆದುಹೋಗುವವು. ನಮ್ಮ ಸೀಮೆಯ ಹಿರಿಯರು ಪ್ರೀತಿಯಿಂದ ಕರೆಯುವ ‘ಹ್ವಾಯ್’ ಎಂಬುದರಲ್ಲಿ ಹಕಾರವು ಅಳಿದು ‘ವಾಯ್’ ಎಂದಷ್ಟೇ ಉಳಿದರೆ, ಮನೆಯು ಶುಚಿಯಾಯಿತು, ಮನೆಯವರು ಹೊರಗಾದರು ಎಂದಂತಾಗುವುದು.

ಈ ಅಪಾಯವನ್ನು ಕಂಡುಹಿಡಿಯಲು ಅದೇ ತಂತ್ರಾಂಶದಲ್ಲಿ ‘ರೆಸಿಡ್ಯೂ’ ಎಂಬ ಆಯ್ಕೆಯುಂಟು. ಅದನ್ನೊತ್ತಿದರೆ, ಏನನ್ನು ತೆಗೆದುಹಾಕಲಾಗುವುದೋ ಅದನ್ನೇ ಕೇಳಿಸುವುದು. ಅಕ್ಕಿ ಕೇರಿದವರು ಚೆಲ್ಲುವ ಮುನ್ನ ಹೊಟ್ಟಿನಲ್ಲಿ ಕಾಳುಂಟೇ ಎಂದು ನೋಡುವಂತೆ ಇದು. ಬರೀ ಗದ್ದಲವು ಕೇಳಿದರೆ ಸರಿ; ಮಾತಿನ ತುಣುಕುಗಳು ಕೇಳಿಬಂದರೆ ಪ್ರಮಾಣವನ್ನು ಇಳಿಸತಕ್ಕದ್ದು. ಆರು ಡೆಸಿಬೆಲ್ಲಿನಿಂದ ಆರಂಭಿಸಿ, ಹನ್ನೆರಡನ್ನು ಮೀರದಿರುವುದು ಒಳ್ಳೆಯದು. ಸ್ವಲ್ಪ ಗದ್ದಲವುಳಿದ ಜೀವಂತ ಮಾತು, ಗದ್ದಲವಿಲ್ಲದ ನಿರ್ಜೀವ ಮಾತಿಗಿಂತ ಶ್ರೇಷ್ಠ. ಕೃತಕ ಬುದ್ಧಿಯಿಂದ ಮಾತನ್ನು ಬೇರ್ಪಡಿಸುವ ಹೊಸ ಸಾಧನಗಳನ್ನು ಬಳಸುವಾಗಲೂ ಇದೇ ಎಚ್ಚರವು ಬೇಕು. ಅವುಗಳಲ್ಲಿ ಹಲವು ಮಾತಲ್ಲದ್ದನ್ನೆಲ್ಲ ಕಸವೆಂದೆಣಿಸಿ ಭಜನೆಯ ತಾಳವನ್ನೂ ಗುಡಿಸಿಹಾಕುವವು.

ಹಾಗಾದರೆ ಕಸವಾವುದು? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ, ಆಷಾಢದ ರಾತ್ರಿ ಅಜ್ಜಿಯು ಹೇಳಿದ ಕಥೆಯ ಹಿಂದೆ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿದರೆ, ಅದನ್ನು ಕಸವೆನ್ನಲಾದೀತೇ? ಮಾತನ್ನು ಮುಚ್ಚದಷ್ಟು ಅದನ್ನು ತಗ್ಗಿಸಿದರೆ ಸಾಕು, ನಿರ್ಮೂಲ ಮಾಡಬೇಕಾಗಿಲ್ಲ. ಪರದೇಶದಲ್ಲಿರುವ ಮೊಮ್ಮಗನಿಗೆ ಮಾತಿನಷ್ಟೇ ಆ ಮಳೆಯೂ ಬೇಕಾದೀತು.

ಎಲ್ಲ ಚಿಕಿತ್ಸೆಗಿಂತಲೂ ಮುನ್ನೆಚ್ಚರಿಕೆಯೇ ಲೇಸು. ಹಿರಿಯರ ಮಾತನ್ನು ಹಿಡಿಯುವಾಗ ಫ್ಯಾನನ್ನೂ ಮಿಕ್ಸಿಯನ್ನೂ ನಿಲ್ಲಿಸಿರಿ. ಮೈಕನ್ನು ಬಾಯಿಯಿಂದ ಮೊಳದಷ್ಟು ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ಓರೆಯಾಗಿ ಇರಿಸಿರಿ. ದೂರವನ್ನು ಅರ್ಧಕ್ಕಿಳಿಸಿದರೆ ಮಾತಿನ ಬಲವು ಸುಮಾರು ಆರು ಡೆಸಿಬೆಲ್ ಏರುವುದು, ಸುತ್ತಲಿನ ಗದ್ದಲವು ಏರದು. ಬೋಳು ಗೋಡೆಯ ಕೋಣೆಗಿಂತ ಹಾಸಿಗೆ ಬಟ್ಟೆಗಳು ತುಂಬಿದ ಕೋಣೆಯಲ್ಲಿ ಮಾರ್ದನಿ ಕಡಮೆ. ಮಾತಿಗೆ ಮೊದಲು ಹತ್ತು ಸೆಕೆಂಡು ಎಲ್ಲರೂ ಮೌನವಾಗಿದ್ದು ಆ ಮೌನವನ್ನೂ ಹಿಡಿದಿಡಿರಿ. ಮುಂದೆ ಗದ್ದಲವನ್ನು ಅಳೆಯುವುದಕ್ಕೆ ಅದೇ ಆಧಾರ. ಮೂಲ ಪ್ರತಿಯನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಕಾದಿರಿಸಿರಿ. ಇಂದಿನ ಸಾಧನದಿಂದ ಹೋಗದ ಸದ್ದು ನಾಳಿನ ಸಾಧನದಿಂದ ಹೋದೀತು. ಆದರೆ ಇಂದು ನಾವು ಅಳಿಸಿದ ಅಕ್ಷರವನ್ನು ನಾಳೆ ಯಾರೂ ಮರಳಿ ತರಲಾರರು.