ಹಾಡಿ ಕಟ್ಟಿದ ಶಾಲೆ

ವಾರ್ಷಿಕೋತ್ಸವ ಹತ್ತಿರ ಬಂದಂತೆ ಅನೇಕ ಖಾಸಗಿ ಶಾಲೆಗಳ ಮಕ್ಕಳ ಚೀಲಕ್ಕೆ ಪಾಠದ ಪುಸ್ತಕಗಳ ಜತೆಗೆ ಇನ್ನೊಂದು ಪುಸ್ತಕ ಸೇರಿಕೊಳ್ಳುತ್ತದೆ. ಅದು ದೇಣಿಗೆಯ ಚೀಟಿಗಳ ಪುಸ್ತಕ. ಇಪ್ಪತ್ತೈದು ಚೀಟಿಗಳನ್ನೂ ಮಾರಿ ಹಣ ತಂದೊಪ್ಪಿಸಬೇಕು. ಮೊದಲ ಐದು ಅಪ್ಪನ ಪಾಲಿಗೆ, ಮುಂದಿನ ಐದು ಅಪ್ಪನ ಕಚೇರಿಯವರಿಗೆ, ಮತ್ತೈದು ಸೋದರಮಾವನಿಗೆ. ಉಳಿದದ್ದನ್ನು ಕೊನೆಯ ದಿನ ಬೇರೆ ದಾರಿ ಕಾಣದೆ ಅಮ್ಮನೇ ಕೊಳ್ಳುತ್ತಾಳೆ. ಹಣವೇನೋ ಶಾಲೆಗೆ ಸೇರುತ್ತದೆ. ಅದು ಯಾವುದಕ್ಕೆ ಖರ್ಚಾಯಿತು ಎಂಬುದು ಮಗುವಿಗೆ ಗೊತ್ತಾಗುವುದಿಲ್ಲ. ಕೇಳಬಹುದು ಎಂಬುದೂ ಗೊತ್ತಿರುವುದಿಲ್ಲ. ವೇದಿಕೆಯ ಮೇಲಿನ ಭಾಷಣದಲ್ಲಿ ಮಾತ್ರ ‘ಮಕ್ಕಳಲ್ಲಿ ನಾಯಕತ್ವದ ಗುಣ ಬೆಳೆಸುವ ಸಲುವಾಗಿ’ ಎಂಬ ಮಾತು ತಪ್ಪದೆ ಬರುತ್ತದೆ.

ಶಾಲೆ ನಡೆಸಲು ಹಣ ಬೇಕು, ಅದರಲ್ಲಿ ಎರಡು ಮಾತಿಲ್ಲ. ಶುಲ್ಕದಿಂದ ಸಂಬಳ ಕೊಡಬಹುದು. ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯಗಳಿಗೆ ಬೇರೆ ದಾರಿ ಹುಡುಕಬೇಕು. ಆದರೆ ಹಣ ಎತ್ತುವ ಕೆಲಸಕ್ಕೂ ನಾಯಕತ್ವಕ್ಕೂ ನಿಜವಾಗಿ ನಂಟು ಇದೆಯೇ? ಇದೆ ಎಂಬುದಕ್ಕೆ ಬಹಳ ದೊಡ್ಡದೊಂದು ಉದಾಹರಣೆ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿದೆ. ಅಲ್ಲಿ ಮುಳುಗುತ್ತಿದ್ದ ಶಾಲೆಯೊಂದನ್ನು 1871ರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳು ಹಾಡು ಹೇಳಿ ಉಳಿಸಿದರು. ಆ ಕೆಲಸಕ್ಕೆ ಅವರು ತೆತ್ತ ಬೆಲೆಯೂ ಆ ಕಥೆಯಲ್ಲೇ ಇದೆ.

ಬ್ಯಾರಕ್ಕಿನಲ್ಲಿ ಪಾಠ

ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಅದೇ ವರ್ಷದ ಕೊನೆಗೆ ಸಂವಿಧಾನದ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ದಕ್ಷಿಣದ ಹಲವು ರಾಜ್ಯಗಳಲ್ಲಿ ಅದುವರೆಗೆ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಬಿಡುಗಡೆಯಾದ ಲಕ್ಷಾಂತರ ಕಪ್ಪು ಜನ ಮೊದಲು ಕೇಳಿದವುಗಳಲ್ಲಿ ಶಾಲೆಯೂ ಒಂದು.

ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ 1866ರ ಜನವರಿಯಲ್ಲಿ ಅಂಥದೊಂದು ಶಾಲೆ ತೆರೆಯಿತು. ಸೈನ್ಯ ಬಿಟ್ಟುಹೋಗಿದ್ದ ಮರದ ಬ್ಯಾರಕ್ಕುಗಳೇ ತರಗತಿಯ ಕೋಣೆಗಳು. ಜನರಲ್ ಕ್ಲಿಂಟನ್ ಫಿಸ್ಕ್ ಎಂಬ ಅಧಿಕಾರಿಯ ನೆರವು ದೊರೆತಿದ್ದರಿಂದ ಅದಕ್ಕೆ ಫಿಸ್ಕ್ ಶಾಲೆ ಎಂದೇ ಹೆಸರಾಯಿತು. ಏಳು ವರ್ಷದ ಮೊಮ್ಮಕ್ಕಳೂ ಎಪ್ಪತ್ತರ ಅಜ್ಜಂದಿರೂ ಅಲ್ಲಿ ಅಕ್ಷರ ತಿದ್ದಿದರು. ಮರುವರ್ಷವೇ ಅದು ‘ವಿಶ್ವವಿದ್ಯಾನಿಲಯ’ ಎಂದು ನೋಂದಣಿಯಾಯಿತು. ಹೆಸರು ದೊಡ್ಡದಾಯಿತೇ ಹೊರತು ಬ್ಯಾರಕ್ಕು ಬದಲಾಗಲಿಲ್ಲ. ಮರ ಕೊಳೆಯುತ್ತಿತ್ತು, ಚಳಿಗಾಳಿ ಒಳಗೆ ನುಗ್ಗುತ್ತಿತ್ತು, ಸಾಲ ಏರುತ್ತಿತ್ತು. 1871ರ ಹೊತ್ತಿಗೆ ಶಾಲೆ ಬಾಗಿಲು ಹಾಕುವ ಸ್ಥಿತಿಗೆ ಬಂತು.

ಶಾಲೆಯ ಖಜಾಂಚಿ ಜಾರ್ಜ್ ವೈಟ್ ಬಿಳಿಯ ಜನಾಂಗದವನು, ಕಮ್ಮಾರನ ಮಗ, ಯುದ್ಧದಲ್ಲಿ ಹೋರಾಡಿ ಬಂದವನು. ಬಿಡುವಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ. ಹಾಡುವ ವಿದ್ಯಾರ್ಥಿಗಳನ್ನು ಕರೆದುಕೊಂಡು ಉತ್ತರದ ನಗರಗಳಿಗೆ ಹೋಗಿ ಕಛೇರಿ ಮಾಡಿ ಹಣ ತರೋಣ ಎಂಬುದು ಅವನ ಯೋಜನೆ. ಶಾಲೆಯ ಹಿರಿಯರಿಗೆ ಇದು ಹುಚ್ಚು ಸಾಹಸವಾಗಿ ಕಂಡಿತು. ಆದರೂ ಅವನು ಬಿಡಲಿಲ್ಲ. 1871ರ ಅಕ್ಟೋಬರ್ 6ರಂದು ಖಜಾನೆಯಲ್ಲಿ ಉಳಿದಿದ್ದ ಅಲ್ಪ ಹಣ ಹಿಡಿದು, ಒಂಬತ್ತು ಮಂದಿಯೊಡನೆ ರೈಲು ಹತ್ತಿದ. ಐವರು ಹುಡುಗಿಯರು, ನಾಲ್ವರು ಹುಡುಗರು. ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಎಲ್ಲರಿಗಿಂತ ಕಿರಿಯಳಾದ ಮಿನ್ನಿ ಟೇಟ್‌ಗೆ ಹದಿನಾಲ್ಕು ವರ್ಷ.

ಆರು ಡಾಲರಿನ ವಿದ್ಯಾರ್ಥಿನಿ

ತಂಡದ ಪಿಯಾನೊ ವಾದಕಿ ಎಲ್ಲಾ ಶೆಪರ್ಡ್‌ಗೆ ಆಗ ಇಪ್ಪತ್ತು ವರ್ಷ. ಅವಳೂ ಗುಲಾಮಳಾಗಿ ಹುಟ್ಟಿದವಳೇ. ಕೂಲಿ ಮಾಡಿ ತನ್ನ ಬಿಡುಗಡೆಯನ್ನು ತಾನೇ ಕೊಂಡಿದ್ದ ತಂದೆ 350 ಡಾಲರ್ ಕೊಟ್ಟು ಮಗಳನ್ನೂ ಬಿಡಿಸಿಕೊಂಡಿದ್ದ. ತಾಯಿಯನ್ನು ಬಿಡಿಸಿಕೊಳ್ಳಲು ಒಡೆಯರು ಒಪ್ಪಲಿಲ್ಲ. ಅವಳನ್ನು ದೂರದ ಮಿಸಿಸಿಪ್ಪಿಗೆ ಒಯ್ದರು. ಮುಂದೆ ಸಿನ್ಸಿನಾಟಿ ನಗರದಲ್ಲಿ ಎಲ್ಲಾ ಪಿಯಾನೊ ಕಲಿಯಹೊರಟಾಗ ಬಿಳಿಯ ಶಿಕ್ಷಕನೊಬ್ಬ ಒಂದು ಷರತ್ತು ಹಾಕಿದ. ರಾತ್ರಿಯ ಹೊತ್ತು, ಹಿತ್ತಿಲ ಬಾಗಿಲಿನಿಂದ ಬರಬೇಕು, ಯಾರಿಗೂ ಹೇಳಬಾರದು. ಅವಳು ಹಾಗೆಯೇ ಹೋಗಿ ಕಲಿತಳು. 1866ರಲ್ಲಿ ತಂದೆ ಕಾಲರಾದಿಂದ ತೀರಿಕೊಂಡ ಮೇಲೆ ಹಳ್ಳಿಯ ಶಾಲೆಯೊಂದರಲ್ಲಿ ಐದು ತಿಂಗಳು ಪಾಠ ಹೇಳಿ ಆರು ಡಾಲರ್ ಉಳಿಸಿದಳು. ಆ ಆರು ಡಾಲರ್ ಹಿಡಿದು 1868ರಲ್ಲಿ ಫಿಸ್ಕ್‌ಗೆ ಬಂದಳು. ಊರಿನ ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟು ತನ್ನ ಖರ್ಚು ನೋಡಿಕೊಂಡಳು. ಸ್ವಲ್ಪ ಕಾಲದಲ್ಲೇ ಶಾಲೆಯ ಸಹಾಯಕ ಸಂಗೀತ ಶಿಕ್ಷಕಿಯಾದಳು.

ಕಛೇರಿಗಳಲ್ಲಿ ತಂಡವನ್ನು ನಡೆಸುವ ಹೊಣೆಯನ್ನು ವೈಟ್ ಇವಳಿಗೇ ಒಪ್ಪಿಸಿದ. ಅಭ್ಯಾಸ ಮಾಡಿಸುವುದು, ಶ್ರುತಿ ತಿದ್ದುವುದು, ಹೊಸ ಹಾಡುಗಳನ್ನು ಬರೆದುಕೊಳ್ಳುವುದು, ಇವೆಲ್ಲ ಎಲ್ಲಾ ಶೆಪರ್ಡ್‌ಳ ಕೆಲಸವಾಯಿತು.

ಮೊದಲ ಗಳಿಕೆ ದಾನಕ್ಕೆ

ಪ್ರವಾಸದ ಆರಂಭ ಕಷ್ಟದ್ದು. ಅನೇಕ ಊರುಗಳಲ್ಲಿ ವಸತಿಗೃಹದವರು ಕಪ್ಪು ಜನರಿಗೆ ಜಾಗವಿಲ್ಲವೆಂದರು. ಚಳಿಗೆ ತಕ್ಕ ಬಟ್ಟೆ ಇರಲಿಲ್ಲ. ಹೊರಟ ಎರಡೇ ದಿನಕ್ಕೆ ಶಿಕಾಗೊ ನಗರದಲ್ಲಿ ಭೀಕರ ಬೆಂಕಿ ಬಿತ್ತು. ಸಾವಿರಾರು ಜನ ಮನೆ ಕಳೆದುಕೊಂಡರು. ಒಹಾಯೊ ರಾಜ್ಯದಲ್ಲಿ ತಂಡಕ್ಕೆ ಕಛೇರಿಯಿಂದ ಮೊದಲು ಕೈಗೆ ಬಂದದ್ದು ಐವತ್ತು ಡಾಲರ್‌ನಷ್ಟು. ಅಷ್ಟನ್ನೂ ಶಿಕಾಗೊದ ಸಂತ್ರಸ್ತರ ನಿಧಿಗೆ ಕೊಟ್ಟುಬಿಟ್ಟರು. ತಮ್ಮ ಶಾಲೆಯೇ ಸಾಲದಲ್ಲಿ ಮುಳುಗಿದೆ, ತಮ್ಮ ಮೈಮೇಲೆ ಬೆಚ್ಚನೆಯ ಕೋಟಿಲ್ಲ. ಆದರೂ ಕೈಗೆ ಬಂದದ್ದು ಮೊದಲು ಹೋದದ್ದು ಹೆಚ್ಚು ಕಷ್ಟದಲ್ಲಿದ್ದವರಿಗೆ.

ಕೊಲಂಬಸ್ ನಗರದಲ್ಲಿ ಎದೆಗುಂದಿದ್ದ ತಂಡಕ್ಕೆ ವೈಟ್ ಒಂದು ಹೆಸರಿಟ್ಟ: ‘ಜೂಬಿಲಿ ಗಾಯಕರು’. ರಜತ ಜೂಬಿಲಿ, ಸುವರ್ಣ ಜೂಬಿಲಿ ಎಂದು ನಾವು ಬಳಸುವ ಪದವೇ ಇದು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಪ್ರಕಾರ ಐವತ್ತನೆಯ ವರ್ಷ ಜೂಬಿಲಿ ವರ್ಷ. ಆ ವರ್ಷ ದಾಸ್ಯದಲ್ಲಿರುವವರಿಗೆ ಬಿಡುಗಡೆ. ಗುಲಾಮಗಿರಿಯಿಂದ ಬಂದವರಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ?

ಆರಂಭದ ಕಛೇರಿಗಳಲ್ಲಿ ಅವರು ಹೆಚ್ಚಾಗಿ ಹಾಡುತ್ತಿದ್ದುದು ಬಿಳಿಯರಿಗೆ ಪರಿಚಿತವಾದ ಗೀತೆಗಳನ್ನು. ತಮ್ಮ ಹಿರಿಯರು ಹತ್ತಿಯ ಹೊಲಗಳಲ್ಲಿ, ರಾತ್ರಿಯ ಪ್ರಾರ್ಥನೆಗಳಲ್ಲಿ ಹಾಡುತ್ತಿದ್ದ ಭಕ್ತಿಗೀತೆಗಳನ್ನು ಪರರ ಮುಂದೆ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಅವು ಪವಿತ್ರವಾದವು; ಜತೆಗೆ ದಾಸ್ಯದ ದಿನಗಳನ್ನು ನೆನಪಿಸುವಂಥವು. ಶಾಲೆಯಲ್ಲೂ ಅವುಗಳನ್ನು ಬಾಗಿಲು ಮುಚ್ಚಿಕೊಂಡು, ನೆಲದ ಮೇಲೆ ಕುಳಿತು ಮೆಲ್ಲನೆ ಹಾಡಿಕೊಳ್ಳುತ್ತಿದ್ದರು. ನವೆಂಬರಿನಲ್ಲಿ ಒಬರ್ಲಿನ್ ಎಂಬಲ್ಲಿ ಪಾದ್ರಿಗಳ ರಾಷ್ಟ್ರೀಯ ಸಭೆ ನಡೆದಾಗ ಗಲಗಲ ಮಾತಿನ ನಡುವೆ ತಂಡ ಅಂಥದೊಂದು ಹಾಡನ್ನು ತೀರ ಸಣ್ಣ ದನಿಯಲ್ಲಿ ಎತ್ತಿಕೊಂಡಿತು. ಸಭೆ ಸ್ತಬ್ಧವಾಯಿತು. ಅಲ್ಲಿಂದ ಮುಂದೆ ಜನ ಬಯಸಿದ್ದು ಆ ಹಾಡುಗಳನ್ನೇ.

ಹಾಡು ಇಟ್ಟಿಗೆಯಾಯಿತು

ಮುಂದಿನದು ವೇಗವಾಗಿ ನಡೆಯಿತು. ನ್ಯೂಯಾರ್ಕ್ ಸಮೀಪದ ಬ್ರೂಕ್ಲಿನ್‌ನಲ್ಲಿ ಪ್ರಸಿದ್ಧ ಪಾದ್ರಿ ಹೆನ್ರಿ ವಾರ್ಡ್ ಬೀಚರ್ ತನ್ನ ಚರ್ಚಿನಲ್ಲಿ ಹಾಡಿಸಿದ. 1872ರಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಎದುರು ತಂಡ ಹಾಡಿತು. ಆ ವರ್ಷ ಊರಿಗೆ ಮರಳಿದಾಗ 20,000 ಡಾಲರ್ ಕೂಡಿತ್ತು. 1873ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಅವರ ಹಾಡು ಕೇಳಿದಳು. 1878ರವರೆಗಿನ ಏಳು ವರ್ಷಗಳಲ್ಲಿ ತಂಡ ಗಳಿಸಿದ್ದು ಸುಮಾರು ಒಂದೂವರೆ ಲಕ್ಷ ಡಾಲರ್.

ಆ ಹಣದಿಂದ ಶಾಲೆಗೆ ಹೊಸ ಜಾಗ ಬಂತು. 1876ರ ಜನವರಿ 1ರಂದು ಆರು ಅಂತಸ್ತಿನ ‘ಜೂಬಿಲಿ ಹಾಲ್’ ಉದ್ಘಾಟನೆಯಾಯಿತು. ಅದು ಇಂದಿಗೂ ನಿಂತಿದೆ. ಒಳಗೆ ಗೋಡೆಯ ಮೇಲೆ ಇಂಗ್ಲಿಷ್ ಚಿತ್ರಕಾರ ಎಡ್ಮಂಡ್ ಹ್ಯಾವೆಲ್ ಬರೆದ, ಆ ಗಾಯಕರ ಆಳೆತ್ತರಕ್ಕೂ ಮೀರಿದ ವರ್ಣಚಿತ್ರವಿದೆ.

ಲೆಕ್ಕದ ಇನ್ನೊಂದು ಪುಟ

ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟಬಹುದು. ಆದರೆ ಲೆಕ್ಕದಲ್ಲಿ ಜಮೆಯ ಪುಟದ ಜತೆಗೆ ಖರ್ಚಿನ ಪುಟವೂ ಇರುತ್ತದೆ.

ಬಿಡುವಿಲ್ಲದ ತಿರುಗಾಟದಿಂದ ಗಾಯಕರ ಆರೋಗ್ಯ ಕೆಟ್ಟಿತು. ಜಾರ್ಜ್ ವೈಟ್ ಹಾಸಿಗೆ ಹಿಡಿದ. ಮೊದಲ ಒಂಬತ್ತು ಮಂದಿಯಲ್ಲಿ ಒಬ್ಬನಾದ ಬೆಂಜಮಿನ್ ಹೋಮ್ಸ್ ಕ್ಷಯದಿಂದ ತೀರಿಕೊಂಡ. 1878ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ತಂಡ ದಣಿದು ಚದುರಿತು. ಎಲ್ಲಕ್ಕಿಂತ ಯೋಚಿಸಬೇಕಾದ ಸಂಗತಿ ಎಂದರೆ, ಓದಲೆಂದು ಬಂದವರಲ್ಲಿ ಅನೇಕರಿಗೆ ಓದು ಮುಗಿಸಲು ಆಗಲೇ ಇಲ್ಲ. ಎಲ್ಲಾ ಶೆಪರ್ಡ್ ಕೂಡ ಫಿಸ್ಕ್‌ನ ಪದವಿ ಪಡೆಯಲಿಲ್ಲ. ತಾವು ಎಬ್ಬಿಸಿದ ಕಟ್ಟಡದಲ್ಲಿ ಕುಳಿತು ಓದುವ ಭಾಗ್ಯ ಅವರದಾಗಲಿಲ್ಲ.

ಶಾಲೆಗಾಗಿ ಮಕ್ಕಳು ದುಡಿಯಬೇಕೇ, ಮಕ್ಕಳಿಗಾಗಿ ಶಾಲೆ ದುಡಿಯಬೇಕೇ ಎಂಬ ಪ್ರಶ್ನೆಯನ್ನು ಇಲ್ಲಿ ತಪ್ಪಿಸಿಕೊಳ್ಳಲಾಗದು. ಇದೇ ಪ್ರಶ್ನೆ ನಮ್ಮ ದೇಶದಲ್ಲೂ ಒಮ್ಮೆ ಎದ್ದಿತ್ತು. 1936ರಲ್ಲಿ ರವೀಂದ್ರನಾಥ ಠಾಕೂರರು ಎಪ್ಪತ್ತೈದರ ಹೊಸ್ತಿಲಲ್ಲಿದ್ದರು. ವಿಶ್ವಭಾರತಿಯ ಬೊಕ್ಕಸ ಬರಿದಾಗಿ, ಶಾಂತಿನಿಕೇತನದ ಕಲಾವಿದರ ತಂಡ ಕಟ್ಟಿಕೊಂಡು ‘ಚಿತ್ರಾಂಗದಾ’ ನೃತ್ಯನಾಟಕ ಆಡಿಸುತ್ತ ಉತ್ತರ ಭಾರತದ ನಗರಗಳನ್ನು ಸುತ್ತುತ್ತಿದ್ದರು. ದೆಹಲಿಯಲ್ಲಿ ಗಾಂಧೀಜಿಗೆ ಇದು ತಿಳಿಯಿತು. ಈ ವಯಸ್ಸಿನಲ್ಲಿ ಗುರುದೇವರು ಹಣಕ್ಕಾಗಿ ಅಲೆಯುವುದು ಸರಿಯಲ್ಲವೆಂದು ಅವರು ಹಿತೈಷಿಗಳಿಂದ 60,000 ರೂಪಾಯಿ ಕೊಡಿಸಿದರು. ಸಮಾಜ ಹೊರಬೇಕಾದ ಭಾರವನ್ನು ಶಾಲೆಯೊಂದೇ ಹೊರಬಾರದು ಎಂಬ ಅರಿವು ಆ ನಡೆಯಲ್ಲಿತ್ತು.

ನಾಯಕತ್ವ ಎಲ್ಲಿತ್ತು?

ಹಾಗಾದರೆ ಫಿಸ್ಕ್‌ನ ಮಕ್ಕಳು ಪಡೆದದ್ದೇನು? ಅವರ ಮುಂದಿನ ಬದುಕೇ ಉತ್ತರ ಹೇಳುತ್ತದೆ. ಎಲ್ಲಾ ಶೆಪರ್ಡ್ ಬಾಲ್ಯದಲ್ಲಿ ಅಗಲಿದ್ದ ತಾಯಿಯನ್ನು ಹುಡುಕಿ ನ್ಯಾಶ್‌ವಿಲ್‌ಗೆ ಕರೆತಂದು ಮನೆ ಕಟ್ಟಿಸಿಕೊಟ್ಟಳು. ಮುಂದಿನ ಪೀಳಿಗೆಯ ಗಾಯಕರಿಗೆ ಹಾಡು ಕಲಿಸಿದಳು. ಐಸಾಕ್ ಡಿಕರ್‌ಸನ್ ಬ್ರಿಟನ್ನಿನಲ್ಲೇ ಉಳಿದು ಎಡಿನ್‌ಬರೋದಲ್ಲಿ ಓದಿ ಪಾದ್ರಿಯಾದ. 1875ರಲ್ಲಿ ಸೇರಿದ ಫ್ರೆಡರಿಕ್ ಲೌಡಿನ್ ಮುಂದೆ ತನ್ನದೇ ತಂಡ ಕಟ್ಟಿ 1884ರಿಂದ ಆರು ವರ್ಷ ಲೋಕ ಸುತ್ತಿದ. ಭಾರತಕ್ಕೂ ಬಂದು ತಾಜ್‌ಮಹಲಿನಲ್ಲಿ ಹಾಡಿದ.

ಈ ಗುಣ ಅವರಿಗೆ ಬಂದದ್ದು ದುಡ್ಡು ಎತ್ತಿದ್ದರಿಂದಲ್ಲ, ಹೊಣೆ ಹೊತ್ತಿದ್ದರಿಂದ. ಸಾಲ ಎಷ್ಟೆಂದು ಅವರಿಗೆ ಗೊತ್ತಿತ್ತು. ಹಣ ಯಾವುದಕ್ಕೆಂದು ಗೊತ್ತಿತ್ತು. ಏನನ್ನು ಹಾಡಬೇಕು, ಏನನ್ನು ಹಾಡಬಾರದು ಎಂಬುದರಲ್ಲಿ ಅವರ ಮನಸ್ಸಿಗೆ ಬೆಲೆಯಿತ್ತು. ಪ್ರಯೋಗಾಲಯದಲ್ಲಿ ಮೇಷ್ಟರು ಬ್ಯುರೆಟ್ ಹಿಡಿದು ತೋರಿಸುವುದನ್ನು ಹತ್ತು ಸಲ ನೋಡಿದ ವಿದ್ಯಾರ್ಥಿಗಿಂತ, ಒಂದು ಸಲ ತಾನೇ ಹಿಡಿದು, ಒಂದು ಹನಿ ಹೆಚ್ಚು ಬಿಟ್ಟು ತಪ್ಪು ಮಾಡಿದ ವಿದ್ಯಾರ್ಥಿ ಹೆಚ್ಚು ಕಲಿತಿರುತ್ತಾನೆ. ನಾಯಕತ್ವವೂ ಹಾಗೆಯೇ.

ಅದು ಆ ಪೀಳಿಗೆಗೇ ಮುಗಿಯಲಿಲ್ಲ. 1960ರಲ್ಲಿ ನ್ಯಾಶ್‌ವಿಲ್‌ನ ಅಂಗಡಿಗಳ ಉಪಾಹಾರ ಕಟ್ಟೆಗಳಲ್ಲಿ ಕಪ್ಪು ಜನ ಕುಳಿತು ತಿನ್ನುವಂತಿರಲಿಲ್ಲ. ಅದನ್ನು ವಿರೋಧಿಸಿ ವಿದ್ಯಾರ್ಥಿಗಳು ಶಾಂತವಾಗಿ ಹೋಗಿ ಕುಳಿತರು. ನಾಗಪುರದ ಕಾಲೇಜಿನಲ್ಲಿ ಕೆಲಸ ಮಾಡಿ, ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಮರಳಿದ್ದ ಜೇಮ್ಸ್ ಲಾಸನ್ ಅವರಿಗೆ ತರಬೇತಿ ಕೊಟ್ಟಿದ್ದರು. ಮುಂದಾಳುಗಳಲ್ಲಿ ಒಬ್ಬಳು ಫಿಸ್ಕ್‌ನ ವಿದ್ಯಾರ್ಥಿನಿ, ಇಪ್ಪತ್ತೊಂದರ ಡಯಾನ್ ನ್ಯಾಶ್. ಏಪ್ರಿಲ್ 19ರಂದು ಅವಳು ಸಾವಿರಾರು ಜನರೆದುರು ಮೇಯರ್‌ನನ್ನು ನೇರವಾಗಿ ಕೇಳಿದಳು: ಈ ಭೇದ ತಪ್ಪಲ್ಲವೇ? ಅವನು ತಪ್ಪೆಂದು ಒಪ್ಪಿದ. ಮೂರು ವಾರಗಳಲ್ಲಿ ಆ ಕಟ್ಟೆಗಳು ಎಲ್ಲರಿಗೂ ತೆರೆದುಕೊಂಡವು.

ಪ್ರತಿ ವರ್ಷ ಅಕ್ಟೋಬರ್ 6ರಂದು ಫಿಸ್ಕ್ ‘ಜೂಬಿಲಿ ದಿನ’ ಆಚರಿಸುತ್ತದೆ. ಈಗಿನ ಗಾಯಕರು ಹಾಡುತ್ತಾರೆ. ಮೊದಲಿನವರ ಸಮಾಧಿಗಳಿಗೆ ಹೋಗಿ ನಮಿಸುತ್ತಾರೆ. ಶಾಲೆಯನ್ನು ಕಟ್ಟಿದವರು ಯಾರೆಂದು ಅಲ್ಲಿಯ ಮಕ್ಕಳಿಗೆ ಯಾರೂ ಬೇರೆ ಪಾಠ ಮಾಡಬೇಕಾಗಿಲ್ಲ.

ಮತ್ತೆ ಚೀಟಿಯ ಪುಸ್ತಕಕ್ಕೆ

ನಮ್ಮ ಶಾಲೆಗಳ ಮಕ್ಕಳು ದೇಶ ದೇಶ ಸುತ್ತಬೇಕಾಗಿಲ್ಲ, ಓದು ಬಿಡುವುದಂತೂ ಬೇಡವೇ ಬೇಡ. ಆದರೆ ಚೀಟಿಯ ಪುಸ್ತಕ ಕೊಡುವ ಮೊದಲು ಕೆಲವು ಕೆಲಸಗಳನ್ನು ಮಾಡಬಹುದು. ಶಾಲೆಗೆ ಏನು ಬೇಕೆಂದು ಮಕ್ಕಳನ್ನೇ ಕೂರಿಸಿ ಕೇಳಬಹುದು. ಗ್ರಂಥಾಲಯವೋ, ಹೆಣ್ಣುಮಕ್ಕಳ ಶೌಚಾಲಯವೋ, ಶುಲ್ಕ ಕಟ್ಟಲಾಗದ ಸಹಪಾಠಿಯ ನೆರವೋ, ಅವರೇ ಚರ್ಚಿಸಿ ತೀರ್ಮಾನಿಸಲಿ. ಚೀಟಿ ಮಾರುವ ಬದಲು ನಾಟಕ ಆಡಲಿ, ವಿಜ್ಞಾನದ ವಸ್ತುಪ್ರದರ್ಶನ ಮಾಡಲಿ, ಬೆಳೆಸಿದ ಸಸಿ ಮಾರಲಿ. ಹೆಚ್ಚು ತಂದವನಿಗೆ ಬಹುಮಾನ, ತಾರದವನಿಗೆ ಅವಮಾನ ಎಂಬ ಪದ್ಧತಿ ನಿಲ್ಲಲಿ. ಅದರಲ್ಲಿ ಗೆಲ್ಲುವುದು ಮಗುವಲ್ಲ, ಅಪ್ಪನ ಕಿಸೆ. ಬಂದದ್ದರಲ್ಲಿ ಒಂದು ಪಾಲು ತಮಗಿಂತ ಬಡ ಶಾಲೆಗೆ ಹೋಗಲಿ. ಕೊನೆಗೆ, ಜಮೆ ಎಷ್ಟು, ಖರ್ಚು ಎಷ್ಟು ಎಂಬುದನ್ನು ಮಕ್ಕಳೇ ಬರೆದು ಸೂಚನಾ ಫಲಕಕ್ಕೆ ಅಂಟಿಸಲಿ.

ತಂದೆತಾಯಂದಿರು ಮಾಡಬೇಕಾದ್ದು ಇನ್ನೂ ಸುಲಭ. ಮುಂದಿನ ಸಲ ಮಗು ಚೀಟಿಯ ಪುಸ್ತಕ ತಂದಾಗ ಕಿಸೆಗೆ ಕೈ ಹಾಕುವ ಮುನ್ನ, ‘ಇದು ಯಾವುದಕ್ಕೆ?’ ಎಂದು ಕೇಳಿದರೆ ಸಾಕು. ಉತ್ತರ ಗೊತ್ತಿಲ್ಲದಿದ್ದರೆ ಮರುದಿನ ಶಾಲೆಯಲ್ಲಿ ವಿನಯದಿಂದ ವಿಚಾರಿಸಿಕೊಂಡು ಬರಲಿ. ಆ ಪ್ರಶ್ನೆಯನ್ನು ಅಂಜದೆ ಕೇಳಿ ಬಂದ ದಿನವೇ ಅವನ ನಾಯಕತ್ವದ ಮೊದಲ ಪಾಠ.