ರೆಟಿನಾ ಅಂಟಿದರೂ ಕಣ್ಣು ಯಾಕೆ ಪೂರ್ತಿ ಕಾಣುವುದಿಲ್ಲ?

"ಆಪರೇಶನ್ ಆಯ್ತಲ್ಲ, ಮತ್ತೂ ಸರಿ ಕಾಣುವುದಿಲ್ಲ ಯಾಕೆ?" ಶುಗರ್‌ನಿಂದ ರೆಟಿನಾ ಕಳಚಿ ಶಸ್ತ್ರಚಿಕಿತ್ಸೆಯಾದವರ ಮನೆಗಳಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆ ಇದು. ಪೊರೆ ತೆಗೆಸಿದವರು ಎರಡೇ ದಿನದಲ್ಲಿ ಪೇಪರ್ ಓದುವುದನ್ನು ನೋಡಿದವರಿಗೆ ಹೀಗೆ ಅನಿಸುವುದು ಸಹಜ. ಆದರೆ ಆ ಆಪರೇಶನ್ ಬೇರೆ, ಇದು ಬೇರೆ.

ರೆಟಿನಾ ಅಂದರೆ ಕಣ್ಣಿನ ಹಿಂಬದಿಯ ತೆಳು ಪದರ. ವರ್ಷಗಟ್ಟಲೆ ಶುಗರ್ ಏರಿದ್ದರೆ ಅದರ ಸಣ್ಣ ರಕ್ತನಾಳಗಳು ಮುಚ್ಚಿಹೋಗಿ, ಬದಲಿಗೆ ಬಲವಿಲ್ಲದ ಹೊಸ ನಾಳಗಳು ಹುಟ್ಟುತ್ತವೆ. ಅವುಗಳ ಜೊತೆ ಬೆಳೆಯುವ ಗಾಯದ ಕಲೆಯಂಥ ಪದರ ಕುಗ್ಗುತ್ತಾ ರೆಟಿನಾವನ್ನು ಎಳೆದು ಬಿಡಿಸುತ್ತದೆ. ನೋವಂತೂ ಇಲ್ಲವೇ ಇಲ್ಲ, ಹಾಗಾಗಿ ಗೊತ್ತಾಗುವಾಗ ತಡವಾಗಿರುತ್ತದೆ.

ಇದಕ್ಕೆ ಮಾಡುವ ಆಪರೇಶನ್ ವಿಟ್ರೆಕ್ಟಮಿ. ಕಣ್ಣೊಳಗಿನ ಲೋಳೆ ತೆಗೆದು, ಎಳೆಯುವ ಪದರವನ್ನು ಬಿಡಿಸಿ, ಲೇಸರ್ ಹಾಕಿ, ಬೇಕಾದರೆ ಗ್ಯಾಸ್ ಅಥವಾ ಸಿಲಿಕಾನ್ ಎಣ್ಣೆ ತುಂಬುತ್ತಾರೆ. ಈಗಿನ ಸಲಕರಣೆಗಳಿಂದ ಹೆಚ್ಚಿನವರ ರೆಟಿನಾ ಜಾಗಕ್ಕೆ ಕೂರುತ್ತದೆ. ಕೆಲವರಿಗೆ ಎರಡನೇ ಬಾರಿ ಮಾಡಬೇಕಾಗುತ್ತದೆ. ದೃಷ್ಟಿಯ ಲೆಕ್ಕ ಮಾತ್ರ ಬೇರೆ. ಓದಲು, ಮುಖ ಗುರುತಿಸಲು ಬೇಕಾದದ್ದು ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ. ಅದು ಕಳಚುವ ಮೊದಲೇ ಅಥವಾ ಕಳಚಿದ ಕೂಡಲೇ ಆಪರೇಶನ್ ಆದರೆ ನಿರೀಕ್ಷೆ ಹೆಚ್ಚು. ತಿಂಗಳುಗಟ್ಟಲೆ ಬಿಟ್ಟುಕೊಂಡಿದ್ದರೆ, ಇಲ್ಲವೇ ರಕ್ತ ಸಿಗದೆ ಅಲ್ಲಿನ ಕೋಶಗಳು ಸತ್ತಿದ್ದರೆ, ಪದರ ಎಷ್ಟು ಚೆನ್ನಾಗಿ ಅಂಟಿದರೂ ಅಕ್ಷರ ಕಾಣಲಿಕ್ಕಿಲ್ಲ. ಅಂಥವರಿಗೆ ಯಾರ ಸಹಾಯವಿಲ್ಲದೆ ಓಡಾಡುವಷ್ಟು ದೃಷ್ಟಿ ಉಳಿದರೆ ಅದೂ ಸಣ್ಣ ಲಾಭವಲ್ಲ. ಮೊದಲೇ ಡಾಕ್ಟರಲ್ಲಿ "ಮ್ಯಾಕ್ಯುಲಾ ಹೇಗಿದೆ?" ಎಂದು ಕೇಳಿಬಿಡಿ.

ಗಲ್ಫ್‌ನಿಂದ ರಜೆಯಲ್ಲಿ ಬಂದು ಆಪರೇಶನ್ ಮಾಡಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಕಣ್ಣಲ್ಲಿ ಗ್ಯಾಸ್ ಇರುವಾಗ ವಿಮಾನ ಹತ್ತುವಂತಿಲ್ಲ. ಮೇಲೆ ಗಾಳಿಯ ಒತ್ತಡ ಇಳಿದಾಗ ಗ್ಯಾಸ್ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರಿ ಉಳಿದ ದೃಷ್ಟಿಯೂ ಹೋಗಬಹುದು. ಮಡಿಕೇರಿ, ವಯನಾಡಿನ ಘಾಟಿ ಹತ್ತುವ ಮುಂಚೆಯೂ ಕೇಳಿಕೊಳ್ಳುವುದು ಒಳ್ಳೆಯದು. ಗ್ಯಾಸ್ ಕರಗಲು ಅದರ ಬಗೆ ನೋಡಿಕೊಂಡು ಕೆಲವು ವಾರ ಬೇಕು. ಎಣ್ಣೆಗೆ ಈ ತಾಪತ್ರಯ ಇಲ್ಲ. ಆದರೆ ಕೆಲವು ತಿಂಗಳ ಬಳಿಕ ಅದನ್ನು ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಆಪರೇಶನ್ ಇದೆ. ರಿಟರ್ನ್ ಟಿಕೆಟ್, ವೀಸಾದ ದಿನ ಎಲ್ಲ ಡಾಕ್ಟರಿಗೆ ಮುಂಚೆಯೇ ಹೇಳಬೇಕು.

ಟೈಪ್ 2 ಶುಗರ್ ಇದೆ ಎಂದು ಗೊತ್ತಾದ ಕೂಡಲೇ, ಮತ್ತೆ ವರ್ಷಕ್ಕೊಮ್ಮೆ, ಹನಿ ಹಾಕಿ ರೆಟಿನಾ ಪರೀಕ್ಷೆ ಮಾಡಿಸಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಆ ಪರೀಕ್ಷೆ ಆದಂತಲ್ಲ. ಕಣ್ಣೆದುರು ಹಠಾತ್ತನೆ ಕಪ್ಪು ಚುಕ್ಕೆ ತೇಲಿದರೆ, ಪರದೆ ಇಳಿದಂತೆ ಕಂಡರೆ, ಅದೇ ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು.